ಕನ್ನಡಕದಂಗಡಿಯ ಮನೆಶಾಲೆ

ಶಿಕ್ಷಣ ಕಚೇರಿಯಿಂದ ಫಾರಂ ವಾಪಸು ಬಂದಾಗ ಕನ್ನಡಕದಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುತ್ತಿದ್ದಳು. ಆರು ಪುಟದ ಫಾರಂನಲ್ಲಿ ಐದೂವರೆ ಪುಟಕ್ಕೆ ಯಾರೂ ತಕರಾರು ತೆಗೆದಿರಲಿಲ್ಲ. ಕೊನೆಯಲ್ಲಿ ‘ಮಗುವನ್ನು ಮನೆಯಲ್ಲೇ ಓದಿಸುವ ಉದ್ದೇಶವೇನು? ಒಂದೇ ವಾಕ್ಯದಲ್ಲಿ ಬರೆಯಿರಿ’ ಎಂದು ಕೇಳಿದ್ದ ಕಡೆ ಅವಳು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಮಗುವಿನ ಸರ್ವತೋಮುಖ ಬೆಳವಣಿಗೆ’ ಎಂದು ತುಂಬಿದ್ದಳಲ್ಲ, ಅದರ ಸುತ್ತ ಕೆಂಪು ಪೆನ್ಸಿಲಿನ ಗೆರೆ ಬಿದ್ದಿತ್ತು. ಪಕ್ಕದಲ್ಲಿ ‘ಇದು ಎಲ್ಲರೂ ಬರೆಯುವ ವಾಕ್ಯ. ನಿಮ್ಮದನ್ನು ಬರೆಯಿರಿ’ ಎಂದು ಮೇಲ್ವಿಚಾರಕಿಯ ಷರಾ. ಹತ್ತು ದಿನ ಬಿಟ್ಟು ತಾವೇ ಮನೆಗೆ ಬರುವುದಾಗಿಯೂ, ಉದ್ದೇಶ ಒಪ್ಪಿಗೆಯಾಗದಿದ್ದರೆ ಈ ವರ್ಷ ಶಾಲೆ ತೆರೆದ ದಿನವೇ ಮಗುವನ್ನು ಕಳುಹಿಸತಕ್ಕದ್ದೆಂದೂ ಕೆಳಗೆ ಬರೆದಿತ್ತು.

“ಇದೇನ್ರೀ ಅನ್ಯಾಯ! ಹೋದ ವರ್ಷ ಇದೇ ವಾಕ್ಯಕ್ಕೆ ಮುದ್ರೆ ಒತ್ತಿ ಕಳಿಸಿದ್ರಲ್ಲ!”

“ಹೋದ ವರ್ಷ ಯಾರೂ ಓದಿರಲ್ಲ. ಈ ವರ್ಷ ಯಾರೋ ಓದೋರು ಬಂದಿದ್ದಾರೆ,” ಎಂದರು ಡಾಕ್ಟರು.

ಡಾಕ್ಟರು ಎಂದರೆ ಅವಳ ಗಂಡ. ಡಾಕ್ಟರಿಕೆ ಓದಿದವರೇನಲ್ಲ. ಅಂಗಡಿಯ ಮುಂಭಾಗದಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಎದುರು ಗೋಡೆಯ ಅಕ್ಷರದ ಪಟ ಓದಿಸಿ, ಕಣ್ಣಿನ ನಂಬರು ಹೇಳುವವರು. ಬೀದಿಯವರು ‘ಡಾಕ್ಟ್ರೇ’ ಎಂದಾಗ ಮೊದಮೊದಲು ‘ಅಯ್ಯೋ, ನಾನು ಡಾಕ್ಟರಲ್ಲ’ ಎನ್ನುತ್ತಿದ್ದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ‘ಅಯ್ಯೋ’ ಮಾತ್ರ ಉಳಿದಿತ್ತು. ಅವರು ಬರೆದುಕೊಟ್ಟ ನಂಬರಿಗೆ ಲೆನ್ಸು ಕತ್ತರಿಸಿ, ಉಜ್ಜಿ, ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಮಹಡಿಯ ಮೇಲೆ ಮನೆ. ಮನೆಯಲ್ಲಿ ಅವಳ ಅತ್ತೆ, ಮತ್ತು ಹನ್ನೊಂದು ವರ್ಷದ ಮಗಳು.

ಮಗಳನ್ನು ಎಲ್ಲರೂ ಕರೆಯುವುದು ಇರುವೆ ಎಂದು. ಎರಡು ವರ್ಷದವಳಿದ್ದಾಗ ನೆಲಕ್ಕೆ ಮೂಗು ಹಚ್ಚಿ ಇರುವೆ ಸಾಲು ನೋಡುತ್ತ ಬಿದ್ದಿರುತ್ತಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು. ಈಗ ಪುಸ್ತಕಕ್ಕೆ ಮೂಗು ಹಚ್ಚುತ್ತಿದ್ದಳು. “ಓದ್ತಾಳೋ, ವಾಸನೆ ನೋಡ್ತಾಳೋ!” ಎಂದು ಅಜ್ಜಿ ಗೇಲಿ ಮಾಡಿದರೆ, ಮಗಳಿಗೆ ಓದಿನ ಮೇಲೆ ಅಷ್ಟು ಪ್ರಾಣ ಎಂದು ಅಪ್ಪ ಅಮ್ಮ ಬೀಗುತ್ತಿದ್ದರು.

ಇಂಥ ಹುಡುಗಿಯ ಬಗ್ಗೆ ಹೋದ ವರ್ಷ ಶಾಲೆಯ ಟೀಚರು ಕನ್ನಡಕದಮ್ಮನನ್ನು ಕರೆಸಿ, ಬೇರೆ ತಾಯಂದಿರ ಎದುರಿಗೇ, “ಬೋರ್ಡ್ ನೋಡಿ ಬರ್ಕೊಳ್ಳೋಕೂ ಬರಲ್ಲ ನಿಮ್ಮ ಮಗಳಿಗೆ. ಪ್ರಶ್ನೆ ಕೇಳಿದ್ರೆ ಗೋಡೆ ಕಡೆ ನೋಡ್ತಾಳೆ. ಗಮನ ಅನ್ನೋದೇ ಇಲ್ಲ,” ಎಂದುಬಿಟ್ಟಿದ್ದರು. ಕನ್ನಡಕದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚಮಚದ ಒಳಗಡೆ ಮುಖ ಯಾಕೆ ತಲೆಕೆಳಗು, ಬೆನ್ನಿನ ಕಡೆ ಯಾಕೆ ನೆಟ್ಟಗೆ ಎಂದು ಮೂರು ದಿನ ತಲೆ ತಿಂದ ಹುಡುಗಿಗೆ ಗಮನವಿಲ್ಲವೇ? ನೀರಿನೊಳಗಿನ ಮೀನಿಗೆ ನಾವು ದಪ್ಪಗೆ ಕಾಣುತ್ತೇವೋ ತೆಳ್ಳಗೆ ಕಾಣುತ್ತೇವೋ ಎಂದು ಊಟ ಬಿಟ್ಟು ಯೋಚಿಸುವವಳಿಗೆ ಗಮನವಿಲ್ಲವೇ? ಬಣ್ಣ ಕಟ್ಟಿ ಹೇಳುವುದೇಕೆ, ಹದಿನೈದು ದಿನದೊಳಗೆ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಲು ಪರವಾನಗಿ ತಂದಳು. ಸಿಟ್ಟಿನಲ್ಲಿ ಮಾಡಿದ ಕೆಲಸಕ್ಕೆ ಉದ್ದೇಶ ಯಾರು ಹುಡುಕುತ್ತಾರೆ?

ಆದರೆ ಆ ಒಂದು ವರ್ಷ ಅವಳ ಬಾಳಿನಲ್ಲೇ ಚೆಂದದ ವರ್ಷವಾಗಿಬಿಟ್ಟಿತು. ಬೆಳಿಗ್ಗೆ ಏಳರಿಂದ ಹತ್ತು, ಅಂಗಡಿಯ ಶಟರ್ ಎತ್ತುವ ತನಕ, ಲೆನ್ಸು ಉಜ್ಜುವ ಮೇಜಿನ ಮೇಲೆ ತಾಯಿ ಮಗಳ ಪಾಠ. ಒಡೆದ ಲೆನ್ಸುಗಳಲ್ಲಿ ಬೆಳಕು ಬಾಗಿಸಿದರು. ತೂಗುಹಾಕಿದ ಫ್ರೇಮುಗಳನ್ನು ಹಿಡಿದು ಭಿನ್ನರಾಶಿ ಕಲಿತರು. ಕನ್ನಡಕದಮ್ಮ ಹತ್ತನೇ ತರಗತಿಗೇ ಓದು ಬಿಟ್ಟವಳು. ಅವಳಿಗೆ ಆಗ ಅರ್ಥವಾಗದೆ ಉಳಿದಿದ್ದೆಲ್ಲ ಈಗ ಮಗಳ ಜೊತೆ ಒಂದೊಂದಾಗಿ ಬಿಡಿಸಿಕೊಂಡಿತು. ಮಗಳ ಓದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ ಎಂದುಕೊಂಡಿದ್ದವಳು ತಾನೇ ಓದುತ್ತಿದ್ದಳು. ಆ ಮೂರು ಗಂಟೆ ಕೈಬಿಟ್ಟುಹೋದರೆ ಬೆಳಿಗ್ಗೆ ಏಳುವುದಾದರೂ ಯಾತಕ್ಕೆ ಎನ್ನುವಷ್ಟು ಅದು ಅವಳಿಗೆ ಅಂಟಿಕೊಂಡಿತ್ತು. ಇದನ್ನೇ ಫಾರಂನಲ್ಲಿ ಬರೆಯಲಾಗುತ್ತದೆಯೇ?

ಹೀಗಾಗಿ ಅವಳು ಉದ್ದೇಶ ಹುಡುಕಲು ಹೊರಟಳು. ಮೊದಲ ಎರಡು ದಿನ ಅಂಗಡಿಗೆ ಬಂದವರಿಗೆಲ್ಲ ಫ್ರೇಮಿನ ಕಡ್ಡಿ ಸರಿಮಾಡುತ್ತ, “ನೀವು ಶಾಲೆಗೆ ಹೋಗಿದ್ದು ಯಾಕೆ?” ಎಂದು ಕೇಳಿದಳು. ಅಂಚೆಯವನು, “ಊಟದ ಗಂಟೆ ಹೊಡೀಲಿ ಅಂತ ಕಾಯೋಕೆ,” ಎಂದ. ದರ್ಜಿ ಹೆಂಗಸು, “ನಮ್ಮಕ್ಕ ಹೋಗ್ತಿದ್ಲು, ನಾನೂ ಅವಳ ಹಿಂದೆ ಹೋದೆ,” ಎಂದಳು. ನಿವೃತ್ತ ನ್ಯಾಯಾಧೀಶರೊಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, “ಅಲುಗಾಡದೆ ಕೂತ್ಕೊಳ್ಳೋದು ಕಲಿಯೋಕೆ ಅಂತ ಕಾಣುತ್ತೆ. ಆಮೇಲೆ ಕೆಲಸಕ್ಕೂ ಬಂತು,” ಎಂದರು. ಡಾಕ್ಟರು ಕೌಂಟರಿನಿಂದ, “ಗಿರಾಕಿಗಳನ್ನ ಓಡಿಸಬೇಡ ಕಣೇ, ಅವರು ಕನ್ನಡಕ ತಗೊಳ್ಳೋಕೆ ಬಂದಿರೋದು,” ಎಂದು ಗೊಣಗಿದರು. ಅವಳಿಗೆ ಮಾತ್ರ ಕುತೂಹಲ ಏರುತ್ತಲೇ ಹೋಯಿತು. ಇಷ್ಟು ಜನ ಇಷ್ಟು ವರ್ಷ ಓದಿದ್ದಾರೆ, ಒಬ್ಬರಿಗೂ ಯಾಕೆಂದು ಗೊತ್ತಿಲ್ಲವಲ್ಲ!

ಅಂಗಡಿಗೆ ರಜೆಯಿದ್ದ ದಿನ ಊಟವಾದ ಮೇಲೆ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತರು. ‘ಸಮಾಜಕ್ಕೆ ಬೆಳಕಾಗುವ ವ್ಯಕ್ತಿಯನ್ನು ರೂಪಿಸುವುದು’ ಎಂದರು ಡಾಕ್ಟರು. ಅಜ್ಜಿ, “ಬಲ್ಬು ಮಾಡ್ತಿದ್ದೀಯೇನೋ?” ಎಂದು ಕೇಳಿ, ತಮ್ಮದೊಂದು ವಾಕ್ಯ ಬರೆಸಿದರು: ‘ಮಧ್ಯಾಹ್ನ ಬಿಸಿ ಊಟ ಮಾಡುವುದು.’ ಕನ್ನಡಕದಮ್ಮ ಏಳು ವಾಕ್ಯ ಬರೆದು ಏಳನ್ನೂ ಹೊಡೆದುಹಾಕಿದಳು.

“ನೀನೇನಂತೀಯ ಇರುವೆ?” ಎಂದು ಕೇಳಿದಳು ಕೊನೆಗೆ.

ಇರುವೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, “ನಿಮಗೆ ಯಾವ ಉತ್ತರ ಬೇಕು ಹೇಳಿ. ಅದನ್ನೇ ಹೇಳ್ತೀನಿ,” ಎಂದಳು.

ಎಷ್ಟು ಜಾಣೆ ನೋಡಿ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಬಾರದಿತ್ತು ಎಂದು ಗೊತ್ತಾಗಿದ್ದು ಮಾರನೆಯ ದಿನ.

ಫಾರಂ ಜೊತೆ ಮಗುವಿನ ಆರೋಗ್ಯದ ಚೀಟಿಗಳನ್ನೂ ಲಗತ್ತಿಸಬೇಕಿತ್ತು. ಎತ್ತರ, ತೂಕ, ಕಿವಿ ದವಾಖಾನೆಯಲ್ಲಿ ಆಯಿತು. ಕಣ್ಣಿನ ಚೀಟಿ ಹೇಗೂ ಮನೆಯ ಕೆಲಸ. ಇರುವೆಯ ಪ್ರತಿ ಹುಟ್ಟುಹಬ್ಬದ ದಿನವೂ ಡಾಕ್ಟರು ಅವಳನ್ನು ಎತ್ತರದ ಕುರ್ಚಿಗೆ ಹತ್ತಿಸಿ ಪಟ ಓದಿಸುತ್ತಿದ್ದರು. ಅವಳು ಕಟ್ಟಕಡೆಯ, ಸೊಳ್ಳೆಯಷ್ಟು ಸಣ್ಣ ಸಾಲನ್ನೂ ಪಟಪಟನೆ ಹೇಳುತ್ತಿದ್ದಳು. ಡಾಕ್ಟರು ‘ಭೇಷ್!’ ಎಂದು ಬೆನ್ನು ತಟ್ಟುತ್ತಿದ್ದರು. ಈ ಸಲ ಸರ್ಕಾರಿ ಕೆಲಸವಲ್ಲವೇ ಎಂದು, ಹಳೆಯ ಪಟ ಹಳದಿಯಾಗಿದ್ದನ್ನು ಇಳಿಸಿ, ಆರು ತಿಂಗಳಿಂದ ಸುರುಳಿಯಾಗಿ ಬಿದ್ದಿದ್ದ ಹೊಸ ಪಟವನ್ನು ಗೋಡೆಗೆ ಹೊಡೆದರು.

ಕನ್ನಡಕದಮ್ಮ ಪರದೆಯ ಹಿಂದೆ ಲೆನ್ಸು ಉಜ್ಜುವ ಮೆಷಿನ್ ಮುಂದೆ ಕೂತಿದ್ದಳು. ಮಗಳ ದನಿ ಕೇಳಿಸಿತು. “ಟ. ಪ, ರ. ಬ, ನ, ಲ...” ಹದಿನೈದು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ ಪಟ. ಅವಳ ತುಟಿಯೂ ಜೊತೆಗೇ ಆಡುತ್ತಿತ್ತು. ಕೊನೆಯ ಸಾಲೂ ಮುಗಿಯಿತು. ‘ಭೇಷ್’ ಮಾತ್ರ ಬರಲಿಲ್ಲ.

“ಇನ್ನೊಂದ್ಸಲ ಓದಮ್ಮ,” ಎಂದರು ಡಾಕ್ಟರು.

“ಟ. ಪ, ರ. ಬ, ನ, ಲ...”

ಕನ್ನಡಕದಮ್ಮ ಪರದೆ ಸರಿಸಿ ಬಂದಳು. ಹೊಸ ಪಟದ ನೆತ್ತಿಯ ಮೇಲೆ ಅಂಗೈಯಗಲದ ‘ಗ’ ಇತ್ತು. ಡಾಕ್ಟರು ಕೋಲು ಎತ್ತಿ ಅದನ್ನೇ ಮುಟ್ಟಿ, “ಇದೊಂದೇ ಹೇಳು,” ಎಂದರು.

“ಟ,” ಎಂದಳು ಇರುವೆ ನಗುತ್ತ. ಇಷ್ಟು ಸುಲಭದ ಪ್ರಶ್ನೆ ಯಾಕೆ ಕೇಳುತ್ತಾರೆ ಎನ್ನುವ ಹಾಗೆ.

ಡಾಕ್ಟರು ಪರೀಕ್ಷೆಯ ಫ್ರೇಮನ್ನು ಮಗಳ ಮೂಗಿಗೆ ಕೂರಿಸಿ, ಡಬ್ಬಿಯಿಂದ ಒಂದೊಂದೇ ಲೆನ್ಸು ತೆಗೆದು ಹಾಕತೊಡಗಿದರು. ಒಂದು. ಒಂದೂವರೆ. ಎರಡು. ಮೂರಕ್ಕೆ ಬಂದಾಗ ಇರುವೆ ಕುರ್ಚಿಯಲ್ಲಿ ನೆಟ್ಟಗಾದಳು.

“ಅಯ್ಯೋ ಅಪ್ಪಾ,” ಎಂದಳು, “ಪಟ ಬದಲಾಗಿದೆ!”

ಬೀದಿಗೆಲ್ಲ ಕಣ್ಣು ಕೊಡುವವರ ಮಗಳು ಶಾಲೆಯ ಬೋರ್ಡನ್ನು ಒಂದು ದಿನವೂ ಕಂಡಿರಲಿಲ್ಲ. ಮೂರು ವರ್ಷದವಳಿಂದ ಅಂಗಡಿಯ ಮೂಲೆಯಲ್ಲಿ ಆಡುತ್ತ, ಸಾವಿರಾರು ಗಿರಾಕಿಗಳು ಓದುವುದನ್ನು ಕೇಳಿ ಕೇಳಿ, ಬೇರೆ ಮಕ್ಕಳು ಮಗ್ಗಿ ಕಲಿಯುವ ಹಾಗೆ ಅವಳು ಪಟವನ್ನು ಕಲಿತುಬಿಟ್ಟಿದ್ದಳು. ಬೇರೆ ಯಾವ ಮನೆಯಲ್ಲಾದರೂ ಮಗುವಿನ ಕಣ್ಣು ಮಂಜೆಂದು ಎರಡನೇ ತರಗತಿಗೇ ಗೊತ್ತಾಗುತ್ತಿತ್ತು. ಈ ತಪ್ಪು ಮಾಡಲು ಕನ್ನಡಕದಂಗಡಿಯನ್ನೇ ಇಟ್ಟಿರಬೇಕು.

“ಅದು ಬಾಯಿಪಾಠ ಅಲ್ವಾ?” ಎಂದು ಇರುವೆ ಗಾಬರಿಯಿಂದ ಕೇಳಿದಳು, ಇಬ್ಬರ ಮುಖ ನೋಡಿ. “ಸರಿಯಾಗಿ ಹೇಳಿದ್ರೆ ಅಪ್ಪಂಗೆ ಖುಷಿಯಾಗ್ತಿತ್ತು.”

“ಬೋರ್ಡ್ ಮೇಲೆ ಏನು ಕಾಣ್ತಿತ್ತು ಮಗಾ ನಿಂಗೆ?” ಕನ್ನಡಕದಮ್ಮ ಮಗಳ ಕಾಲ ಬಳಿ ಕೂತು ಕೇಳಿದಳು.

“ಬೆಳ್ಳಗೆ ಏನೋ ಓಡಾಡೋದು. ಸೀಮೆಸುಣ್ಣದ ಸದ್ದು ಕೇಳಿ ಊಹೆ ಮಾಡ್ತಿದ್ದೆ. ಸರ್ರ್ ಅಂದ್ರೆ ಗೆರೆ, ಟಕ್ ಅಂದ್ರೆ ಚುಕ್ಕೆ.”

“ಕಾಣಲ್ಲ ಅಂತ ಯಾಕೆ ಹೇಳ್ಲಿಲ್ಲ?”

“ಎಲ್ರಿಗೂ ಹಾಗೇ ಕಾಣುತ್ತೆ ಅಂದ್ಕೊಂಡಿದ್ದೆ. ಅವರಿಗೆಲ್ಲ ಊಹೆ ಚೆನ್ನಾಗಿ ಬರುತ್ತೆ, ನಂಗೆ ಬರಲ್ಲ ಅಂತ.”

ಕನ್ನಡಕದಮ್ಮನಿಗೆ ಅಳು ಒತ್ತರಿಸಿ ಬಂತು. ಅಳುವ ಮುಖ ನೋಡಿದರೆ ಮಗಳು ತನ್ನದೇ ತಪ್ಪೆಂದುಕೊಳ್ಳುತ್ತಾಳೆಂದು ನುಂಗಿಕೊಂಡು, ಎದ್ದು ಮೆಷಿನ್ ಮುಂದೆ ಕೂತಳು. ಎಷ್ಟೋ ಸಾವಿರ ಜೋಡಿ ಲೆನ್ಸು ಉಜ್ಜಿದ ಕೈ ಅವತ್ತು ಮೊದಲ ಜೋಡಿಯನ್ನು ಕೆಡಿಸಿತು. ಎರಡನೆಯದನ್ನೂ ಕೆಡಿಸಿತು. ಮೂರನೆಯ ಜೋಡಿ ನೀಲಿ ಫ್ರೇಮಿನಲ್ಲಿ ಸರಿಯಾಗಿ ಕೂತಿತು.

ಸಂಜೆ ಇರುವೆ ಕನ್ನಡಕ ಹಾಕಿಕೊಂಡು ಮಹಡಿಯ ಬಾಲ್ಕನಿಗೆ ಹೋದಳು. ಅಪ್ಪ, ಅಮ್ಮ, ಅಜ್ಜಿ ಮೂವರೂ ಹಿಂದೆ ನಿಂತರು. ಕಂಬದಿಂದ ಕಂಬಕ್ಕೆ ತಂತಿ ಒಂದಲ್ಲ, ಐದು ಎಂದಳು. ಬೇಕರಿಯ ಬೋರ್ಡಿನಲ್ಲಿ ಒಂದು ಅಕ್ಷರ ಉದುರಿಹೋಗಿದೆ ಎಂದಳು. ಆಮೇಲೆ ಎದುರು ಮನೆಯ ಕಿಟಕಿಯತ್ತ ನೋಡಿದಳು. ಅಲ್ಲಿ ಯಾವಾಗಲೂ ಹೆಣೆಯುತ್ತ ಕೂತಿರುವ ಮುದುಕಿಯೊಬ್ಬರು ಕೈಯಾಡಿಸುತ್ತಿದ್ದರು.

“ಅಮ್ಮ, ಅವರು ನನ್ನ ನೋಡಿ ನಗ್ತಿದ್ದಾರೆ.”

“ಹೂಂ.”

“ದಿನಾ ನಗ್ತಿದ್ರಾ?”

“ದಿನಾ. ನೀನು ತಿರುಗಿ ನಗಲ್ಲ, ನಾಚ್ಕೊಳ್ತೀಯ ಅಂತ ಅವರು ಹೇಳ್ತಿದ್ರು.”

ಇರುವೆ ತಡವಾಗಿಯೇ ಕೈ ಎತ್ತಿ ಆಡಿಸಿದಳು. ಆಮೇಲೆ, “ಹಾಗಾದ್ರೆ ನಮ್ಮ ಟೀಚರೂ ನಗ್ತಿದ್ರಾ?” ಎಂದು ಕೇಳಿದಳು. “ನಂಗೆ ಅವರ ದನಿ ಮಾತ್ರ ಗೊತ್ತು.”

ರಜೆಯ ದಿನಗಳಾದರೂ ಟೀಚರುಗಳು ಶಾಲೆಗೆ ಬರುತ್ತಿದ್ದರು. ಎರಡು ದಿನ ಬಿಟ್ಟು ಕನ್ನಡಕದಮ್ಮ ಮಗಳ ಕೈ ಹಿಡಿದು ಗೇಟಿನ ಬಳಿ ಹೋಗಿ ನಿಂತಳು. ವರ್ಷವಿಡೀ ಸಿಕ್ಕಸಿಕ್ಕವರ ಮುಂದೆ ತಾನು ಆಡಿಕೊಂಡಿದ್ದು ಇದೇ ಟೀಚರನ್ನು. ಅವರು ಹೊರಬಂದಾಗ ಇರುವೆ ಅಮ್ಮನ ಸೆರಗು ಜಗ್ಗಿ, “ಇವರು ಇಷ್ಟು ಚಿಕ್ಕವರಾ?” ಎಂದು ಪಿಸುಗುಟ್ಟಿದಳು. ದನಿ ಕೇಳಿ ಅವಳು ಅಜ್ಜಿಯ ವಯಸ್ಸಿನವರೆಂದುಕೊಂಡಿದ್ದಳು. ಟೀಚರು ಹುಡುಗಿಯನ್ನು ನೋಡಿ ನಕ್ಕರು. ಕನ್ನಡಕದ ಮೇಲೆ ಕಣ್ಣು ಬಿದ್ದದ್ದೇ ಆ ನಗು ಮುಖದಲ್ಲೇ ಸತ್ತುಹೋಯಿತು.

“ಎಷ್ಟು ನಂಬರು?”

“ಮೈನಸ್ ಮೂರು,” ಎಂದಳು ಕನ್ನಡಕದಮ್ಮ.

ಟೀಚರು ಗೇಟಿನ ಸರಳು ಹಿಡಿದುಕೊಂಡರು. “ನಾನು ಇವಳನ್ನ ಹಿಂದಿನ ಬೆಂಚಿಗೆ ಕಳಿಸಿದ್ದೆ,” ಎಂದರು. “ಅದೂ ಕನ್ನಡಕದವರ ಮಗಳು ಅಂತ, ಕಣ್ಣಿನ ಯೋಚನೆಯೇ ಬರಲಿಲ್ಲ ನೋಡಿ.” ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು. ಇರುವೆ ಮಾತ್ರ ಟೀಚರ ಮುಖವನ್ನೇ ನೋಡುತ್ತಿದ್ದಳು, ಹೊಸ ಪುಸ್ತಕದ ಮೊದಲ ಪುಟ ನೋಡಿದ ಹಾಗೆ.

ಮನೆಗೆ ಬಂದ ಮೇಲೆ ಕನ್ನಡಕದಮ್ಮನಿಗೆ ತಲೆ ಕೆಟ್ಟಿತು. ಶಾಲೆ ಬಿಡಿಸಿದ್ದಕ್ಕೆ ಇದ್ದ ಒಂದೇ ಕಾರಣ ಸುಳ್ಳಾಗಿತ್ತು. ಇದನ್ನು ಮೇಲ್ವಿಚಾರಕಿಗೆ ಹೇಳಿದರೆ, ‘ಸರಿ ಹಾಗಾದ್ರೆ, ಈಗ ಕಾಣುತ್ತಲ್ಲ, ಕಳಿಸಿ’ ಎನ್ನುತ್ತಾರೆ. ಬೆಳಗಿನ ಮೂರು ಗಂಟೆ ಮುಗಿದಂತೆ. ಡಾಕ್ಟರಿಗೆ ಬೇರೆಯದೇ ಚಿಂತೆ.

“ಹೇಳೋದೇ ಬೇಡ. ಸ್ವಂತ ಮಗಳ ಕಣ್ಣು ನೋಡದೋನು ಇವನು ಅಂತ ಬೀದಿಗೆ ಗೊತ್ತಾದ್ರೆ ಯಾರು ಬರ್ತಾರೆ ಅಂಗಡಿಗೆ? ‘ಕನ್ನಡಕ ಧರಿಸಿದಾಗ ದೃಷ್ಟಿ ಸರಿಯಿದೆ’ ಅಂತ ಚೀಟಿ ಬರೀತೀನಿ. ಸುಳ್ಳೇನಲ್ಲವಲ್ಲ.”

“ಸುಳ್ಳಲ್ಲ,” ಎಂದಳು ಅವಳು. ಸುಳ್ಳಲ್ಲದ್ದು ಎಷ್ಟು ಅನುಕೂಲವಾಗಿದೆ ಎಂದು ಮನಸ್ಸು ಚುಚ್ಚಿತು. ಚುಚ್ಚಿದರೂ ಒಪ್ಪಿಕೊಂಡಳು.

ಮೇಲ್ವಿಚಾರಕಿ ಬರುವ ದಿನ ಬೆಳಿಗ್ಗೆ ಅವಳ ವಾಕ್ಯ ಸಿದ್ಧವಾಗಿತ್ತು: ‘ಪ್ರಶ್ನೆ ಕೇಳುವ ಮಗುವಿನ ಕುತೂಹಲ ಬತ್ತದಂತೆ ನೋಡಿಕೊಳ್ಳುವುದು.’ ಕೆಂಪು ಪೆನ್ಸಿಲಿಗೆ ಬಗ್ಗದ ವಾಕ್ಯ ಎಂದು ಅವಳಿಗೇ ಹೆಮ್ಮೆಯಾಯಿತು. ಫಾರಂಗೆ ಇಳಿಸುವ ಮುಂಚೆ ಮಗಳಿಗೆ ಓದಿ ಹೇಳಿ, “ಹೇಗಿದೆ?” ಎಂದಳು.

“ತುಂಬಾ ಚೆನ್ನಾಗಿದೆ,” ಎಂದಳು ಇರುವೆ, ಮಾತು ಮುಗಿಯುವ ಮೊದಲೇ.

ಅಷ್ಟು ಬೇಗ ಬಂದ ಉತ್ತರ ಕೇಳಿ ಕನ್ನಡಕದಮ್ಮ ಕೈಯಲ್ಲಿದ್ದ ಕಾಗದವನ್ನು ಕೆಳಗಿಳಿಸಿದಳು. ಪಟದ ಕೊನೆಯ ಸಾಲನ್ನು ಹೇಳುತ್ತಿದ್ದದ್ದೂ ಹೀಗೆಯೇ. ಈ ವರ್ಷವೆಲ್ಲ ಬೆಳಗಿನ ಪಾಠದಲ್ಲಿ “ಅರ್ಥ ಆಯ್ತಾ?” ಎಂದಾಗ “ಆಯ್ತು” ಎನ್ನುತ್ತಿದ್ದದ್ದೂ ಹೀಗೆಯೇ. ಆಗೆಲ್ಲ ತಾನು ಮಗಳ ಜಾಣತನಕ್ಕೆ ಹಿಗ್ಗಿದ್ದಳು, ಒಂದು ದಿನವೂ ಕೆದಕಿ ಕೇಳಿರಲಿಲ್ಲ. ಅವಳು ವಾಕ್ಯ ಬರೆದಿದ್ದ ಕಾಗದವನ್ನು ಹರಿದು, ಉದ್ದೇಶದ ಜಾಗ ಖಾಲಿ ಬಿಟ್ಟಿದ್ದ ಹೊಸ ಫಾರಂ ಮತ್ತು ಪೆನ್ನನ್ನು ಮಗಳ ಮುಂದಿಟ್ಟಳು.

“ನಿಂಗೆ ಅನ್ನಿಸಿದ್ದು ಬರಿ. ಶಾಲೆಗೆ ಹೋಗ್ತೀನಿ ಅಂತಾದ್ರೂ ಬರಿ. ನಂಗೆ ಇಷ್ಟ ಆಗದಿದ್ರೂ ಪರವಾಗಿಲ್ಲ.”

“ನಿಂಗೆ ಯಾವುದು...”

“ನನ್ನ ಮುಖ ನೋಡಬೇಡ,” ಎಂದು ಅವಳು ಮೆಟ್ಟಿಲಿಳಿದು ಹೋಗಿ ಮೆಷಿನ್ ಶುರು ಮಾಡಿದಳು. ಉಜ್ಜಲು ಕೈಯಲ್ಲಿ ಲೆನ್ಸೇ ಇರಲಿಲ್ಲ.

ಮೇಲ್ವಿಚಾರಕಿ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಕುಳ್ಳಗಿನ, ಗಡಿಬಿಡಿಯ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ “ಉದ್ದೇಶ ಸಿಕ್ತಾ?” ಎಂದು ಕೇಳಿ, ಮಹಡಿಗೆ ಹತ್ತಿ, ಅಜ್ಜಿ ತಂದ ನೀರು ಕುಡಿದು, ಇರುವೆ ಚಾಚಿದ ಫಾರಂ ಇಸಿದುಕೊಂಡರು. ಅದರಲ್ಲಿ ಏನಿದೆಯೆಂದು ಕನ್ನಡಕದಮ್ಮನಿಗೆ ಗೊತ್ತಿರಲಿಲ್ಲ. ಅಂಗಡಿಗೆ ‘ಮುಚ್ಚಿದೆ’ ಎಂಬ ಬೋರ್ಡು ತಗುಲಿಸಿ ಮೇಲೆ ಬಂದ ಡಾಕ್ಟರಿಗಂತೂ ಹೆಂಡತಿಯ ವಾಕ್ಯವೇ ಇದೆಯೆಂಬ ಧೈರ್ಯ.

ಮೇಲ್ವಿಚಾರಕಿ ಜೋರಾಗಿ ಓದಿದರು. “‘ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎಂದು ಹೇಳಲು ಕಲಿಯುವುದು. ಅಪ್ಪ ಅಮ್ಮ ಕೂಡ.’”

ಓದಿ ಮುಗಿಸಿ ಅವರು ಹುಡುಗಿಯ ಕಡೆ ನೋಡಿದರು.

“ಒಂದೇ ವಾಕ್ಯ ಅಂದಿತ್ತು. ಇದು ಎರಡಾಯ್ತಲ್ಲ?”

“ಎರಡನೇದು ಚಿಕ್ಕದು,” ಎಂದಳು ಇರುವೆ.

ಮೇಲ್ವಿಚಾರಕಿಗೆ ನಗು ಬಂತು, ತಡೆದುಕೊಂಡರು. “ಇದರರ್ಥ ಯಾರಾದ್ರೂ ನಂಗೆ ಹೇಳ್ತೀರಾ?”

ಡಾಕ್ಟರು ಹೆಂಡತಿಗೆ ಕಣ್ಣಲ್ಲೇ ಬೇಡವೆಂದರು. ಕನ್ನಡಕದಮ್ಮ ನೋಡಿಯೂ ನೋಡದವಳಂತೆ ಬಾಯಿ ಬಿಟ್ಟಳು. ಪಟ, ಬಾಯಿಪಾಠ, ಬೋರ್ಡು, ಸಿಟ್ಟಿನಲ್ಲಿ ಶಾಲೆ ಬಿಡಿಸಿದ್ದು, ವರ್ಷವೆಲ್ಲ ಟೀಚರನ್ನು ಬೈದದ್ದು, ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರು ಮೊದಲು ತಲೆ ತಗ್ಗಿಸಿದರು. ಆಮೇಲೆ ತಾವೇ ನಡುವೆ ಬಾಯಿ ಹಾಕಿ, “ಪಟ ಓದಿಸಿದೋನು ನಾನು. ಎಂಟು ಹುಟ್ಟುಹಬ್ಬ,” ಎಂದರು.

ಮೇಲ್ವಿಚಾರಕಿ ಹುಡುಗಿಯ ಕಡೆ ತಿರುಗಿದರು. “ಈಗ ಬೋರ್ಡ್ ಕಾಣುತ್ತಲ್ಲ ನಿಂಗೆ. ಶಾಲೆಗೆ ಹೋಗೋಕೆ ಇಷ್ಟ ಇಲ್ವಾ?”

ಕನ್ನಡಕದಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಳು.

“ಇದೆ. ಟೀಚರ್ ಮುಖ ಚೆನ್ನಾಗಿದೆ. ಹೋಗ್ತೀನಿ,” ಎಂದಳು ಇರುವೆ. “ಆದ್ರೆ ಈಗಲೇ ಬೇಡ. ಶಾಲೇಲಿ ‘ಗೊತ್ತಿಲ್ಲ’ ಅನ್ನೋಕೆ ನಂಗೆ ಹೆದ್ರಿಕೆ ಆಗ್ತಿತ್ತು.” ಅಮ್ಮನ ಮುಖ ನೋಡದೆ ಮುಂದುವರಿಸಿದಳು. “ಮನೇಲೂ ಆಗ್ತಿತ್ತು. ಭಿನ್ನರಾಶಿ ಭಾಗಾಕಾರ ನಂಗೆ ಇನ್ನೂ ಗೊತ್ತಿಲ್ಲ. ಅಮ್ಮ ಅಷ್ಟು ಖುಷಿಯಾಗಿ ಹೇಳಿಕೊಡ್ತಿದ್ರು, ಅದಕ್ಕೆ ಆಯ್ತು ಅಂದೆ. ಮೊದಲು ಮನೇಲಿ ಹೇಳೋದು ಅಭ್ಯಾಸ ಮಾಡ್ಕೊಳ್ತೀನಿ. ಇಲ್ಲಿ ಬಂದ್ರೆ ಅಲ್ಲೂ ಬರುತ್ತೆ.”

ಭಿನ್ನರಾಶಿಯ ಭಾಗಾಕಾರ! ಮೂರು ವಾರ ಕಲಿಸಿ, ಇದಕ್ಕಿಂತ ಸೊಗಸಾಗಿ ಯಾವ ಶಾಲೆಯೂ ಕಲಿಸಲಾರದೆಂದು ಕನ್ನಡಕದಮ್ಮ ದರ್ಜಿ ಹೆಂಗಸಿನ ಮುಂದೆ ಕೊಚ್ಚಿಕೊಂಡಿದ್ದ ಪಾಠ ಅದು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಮಗಳು ತನಗೆ ಗೊತ್ತಿಲ್ಲದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದಾಳೆಂದು ಹೇಳಲಾರದಷ್ಟು ಸಂತೋಷವೂ ಆಯಿತು.

ಮೇಲ್ವಿಚಾರಕಿ ಕೆಂಪು ಪೆನ್ಸಿಲನ್ನು ಚೀಲಕ್ಕೆ ಹಾಕಿ ಪೆನ್ನು ತೆಗೆದರು. “ಉದ್ದೇಶ ಒಪ್ಪಿಗೆ ಇದೆ,” ಎಂದು ಬರೆದು ಸಹಿ ಮಾಡಿದರು. “ಇನ್ನೊಂದು ಕಾಲಂ ಇದೆ, ಅವಧಿ. ಎಷ್ಟು ದಿನ ಬೇಕು ಇದಕ್ಕೆ? ಒಂದು ವರ್ಷ ಸಾಕಾ?”

ಕನ್ನಡಕದಮ್ಮನ ಬಾಯಲ್ಲಿ ಉತ್ತರ ತಯಾರಾಗಿತ್ತು. ಮೂರು ವರ್ಷ ಎನ್ನಬಹುದಿತ್ತು, ಮೂರು ವರ್ಷದ ಬೆಳಗುಗಳು ಅವಳವಾಗುತ್ತಿದ್ದವು. ಇರುವೆ ಕನ್ನಡಕದೊಳಗಿಂದ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ,” ಎಂದಳು ಕನ್ನಡಕದಮ್ಮ.

ಮೇಲ್ವಿಚಾರಕಿ ತಲೆಯಾಡಿಸಿ ಅದನ್ನೇ ಕಾಲಂನಲ್ಲಿ ಬರೆದುಕೊಂಡರು.